ಅಪ್ಪನ ಪಾಲಿನ ವೈಫೈ

ಮುತ್ತೂ,

ಫಸ್ಟ್ ಶಿಫ್ಟಿದೆ, ಪೀಣ್ಯದ ಬಸ್ಸಿಗೆ ಹೊರಟೆ. ರೊಟ್ಟಿ, ಪುಂಡಿಪಲ್ಯ ಡಬ್ಬಿಯಲ್ಲಿವೆ. ಆನ್‌ಲೈನ್ ಪರೀಕ್ಷೆಗೆ ಕೂರುವ ಮೊದಲು ತಿನ್ನು.

ವೈಫೈ ಪಟ್ಟಿಯಿಂದ ಅಪ್ಪನ ಫೋನ್ ತೆಗೆದವನು ನೀನೇ ಅಂತ ಗೊತ್ತಾಯಿತು. ಲಗ್ಗೆರೆಗೆ ಬಂದ ವರ್ಷ ನಾವು ಅಕ್ಕ ತಮ್ಮ ಕಿತ್ತಾಡುತ್ತೇವೆಂದು ವೈಫೈ ಸ್ಪೀಡನ್ನು ನಾಲ್ಕು ಫೋನಿಗೆ ನಾಲ್ಕು ಸಮಪಾಲು ಮಾಡಿಸಿದ್ದು ಅಪ್ಪನೇ. ಬಳಸಲಿ ಬಿಡಲಿ, ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗುವುದಿಲ್ಲ. ಸತ್ತವರಿಗೆ ಯಾಕೆ ಪಾಲು ಅನ್ನುತ್ತೀಯ. ಹಬ್ಬಕ್ಕೆ ಅಜ್ಜನಿಗೆ ಎಡೆ ಹಿಡಿಯುವಾಗ ಹಾಗೆ ಕೇಳಿದ್ದೆಯಾ?

ನಿನಗೆ ಗೊತ್ತಿಲ್ಲದ ಒಂದು ಮಾತಿದೆ. ದಿನಾ ಮಧ್ಯಾಹ್ನ, ನೀನು ಕಾಲೇಜಿನಲ್ಲಿರುವಾಗ, ಅವ್ವ ಅಪ್ಪನ ವಾಟ್ಸಾಪಿಗೆ "ಉಂಡ್ರೇನ್ರಿ?" ಅಂತ ದನಿ ಕಳಿಸುತ್ತಾಳೆ. ಟ್ರಂಕಿನೊಳಗಿನ ಫೋನ್ ಟಣ್ ಅನ್ನುತ್ತದೆ. ಆಮೇಲೇ ತಾನು ತಟ್ಟೆ ಹಾಕಿಕೊಳ್ಳುತ್ತಾಳೆ. ಸೆಕೆಂಡ್ ಶಿಫ್ಟಿದ್ದ ವಾರ ಕಣ್ಣಾರೆ ಕಂಡೆ. ಅಂದಿನಿಂದ ಅದಕ್ಕೆ ಚಾರ್ಜ್ ಹಾಕಿಡುವವಳು ನಾನೇ. ಸಿಮ್ ಬಂದ್ ಆಗಿದೆ, ವೈಫೈ ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ.

ನಿನ್ನೆ ಟ್ರಂಕು ಸದ್ದು ಮಾಡಲಿಲ್ಲ. ನಾನು ಕೆಲಸದಿಂದ ಬಂದಾಗ ಅವ್ವ ಅದರ ಮುಚ್ಚಳಕ್ಕೆ ಕಿವಿ ಹಚ್ಚಿ ಕೂತಿದ್ದಳು.

ಅಪ್ಪನ ಫೋನನ್ನು ಈಗಲೇ ಪಟ್ಟಿಗೆ ಸೇರಿಸು. ಪರೀಕ್ಷೆಗೆ ಸ್ಪೀಡ್ ಸಾಲದಿದ್ದರೆ ನನ್ನ ಫೋನ್ ತೆಗೆದುಹಾಕು, ಆಗಲೂ ಮೂರೇ ಪಾಲಾಗುತ್ತದೆ. ಸಿಟ್ಟಿಗೆ ಬರೆದಿದ್ದೇನೆ ಅಂದುಕೊಳ್ಳಬೇಡ, ಪರೀಕ್ಷೆ ಚೆನ್ನಾಗಿ ಬರಿ.

ಅವ್ವನನ್ನು ಊಟಕ್ಕೆ ಒತ್ತಾಯ ಮಾಡಬೇಡ. ನಿನ್ನೆ ಮಧ್ಯಾಹ್ನದಿಂದ ಅವಳು ತುತ್ತು ಮುಟ್ಟಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಅವರದಿನ್ನಾ ಊಟ ಆಗಿಲ್ಲ" ಅಂದಳು.