ಗೋಡೆಯಾಚೆಯ ಗುಂಡಿ

ಮಾರ್ಚ್ ೧೪, ಗುರುವಾರ

ಅಕ್ಕ ಇನ್ನೂ ಫೋನ್ ಎತ್ತುತ್ತಿಲ್ಲ.

ಬೆಳಿಗ್ಗೆ ಅವಳ ಹಿತ್ತಲಲ್ಲಿ ಬೋರ್‌ವೆಲ್‌ಗೆ ಜಾಗ ನೋಡಿ ಗೂಟ ಹೊಡೆದೆ. ಅವಳ ಮನೆಯ ಶೌಚದ ಗುಂಡಿಯಿಂದ ಟೇಪು ಹಿಡಿದರೆ ಐವತ್ತು ಅಡಿಗೆ ಮೋಸವಿರಲಿಲ್ಲ. ನಿಯಮ ಕೇಳುವುದೂ ಅಷ್ಟೇ. ಬೋರ್ ಕೊರೆಯುವ ರಿಗ್ ಲಾರಿ ಗೇಟಿಗೆ ಬಂದ ಮೇಲೆ ಯಾಕೋ ಗೋಡೆಯಾಚೆ ಇಣುಕಿದೆ. ಪಕ್ಕದ ಮನೆಯವರ ಶೌಚದ ಗುಂಡಿ ಗೋಡೆಗೆ ಅಂಟಿಕೊಂಡೇ ಇದೆ, ನನ್ನ ಗೂಟದಿಂದ ಹತ್ತಡಿಯೂ ಇಲ್ಲ! ನಮ್ಮ ಕಸುಬಿನವರು ಎಡವುವುದೇ ಇಲ್ಲಿ. ಕಾಂಪೌಂಡಿನೊಳಗೆ ಅಳೆದು ನಿಶ್ಚಿಂತರಾಗುತ್ತೇವೆ. ನೆಲದಡಿಯ ನೀರಿಗೆ ಯಾವ ಕಾಂಪೌಂಡು?

ಲಾರಿ ವಾಪಸು ಕಳಿಸಿದೆ.

“ಊರಿಗೆಲ್ಲ ಬೋರ್ ಕೊರೀತೀಯ, ಒಡಹುಟ್ಟಿದವಳಿಗೆ ಮಾತ್ರ ರೂಲ್ಸಾ?” ಎಂದಳು ಅಕ್ಕ.

“ಲೈಸೆನ್ಸ್ ಹೋಗುತ್ತೆ ಅಕ್ಕಾ.”

“ದಿನಾ ಪಕ್ಕದವಳ ನಲ್ಲಿ ಮುಂದೆ ಕೊಡ ಹಿಡ್ಕೊಂಡು ನಿಲ್ಲೋಳು ನಾನು. ನಿನ್ನ ಲೈಸೆನ್ಸ್ ತೊಳೆದು ಆ ನೀರು ಕುಡೀಲಾ?”

ನಿನ್ನ ಮಕ್ಕಳು ಆ ಹೊಲಸು ನೀರು ಕುಡಿದು ಹಾಸಿಗೆ ಹಿಡಿದರೆ ಏನು ಗತಿ ಎನ್ನಬೇಕಿತ್ತು. ಮನಸ್ಸಿನಲ್ಲಿದ್ದದ್ದು ಅದೇ. ಬಾಯಿಗೆ ಬಂದದ್ದು ಮಾತ್ರ ಲೈಸೆನ್ಸು. ಅದೇ ಚುಚ್ಚುತ್ತಿದೆ.

ಸಂಜೆ ಇನ್ನೊಬ್ಬ ಬೋರ್‌ವೆಲ್‌ನವನ ಫೋನ್. ಲೈಸೆನ್ಸಿನ ಗೋಜಿಗೇ ಹೋಗದ ಆಸಾಮಿ. “ನಾಳೆ ನಿಮ್ಮಕ್ಕನ ಮನೇಲಿ ಕೆಲಸ ಅಣ್ಣ. ಪಾಯಿಂಟ್ ಎಲ್ಲಿ ಇಟ್ಟಿದ್ರಿ ಹೇಳಿಬಿಡಿ.”

“ಸತ್ರೂ ಹೇಳಲ್ಲ” ಎಂದು ರೇಗಿ ಫೋನಿಟ್ಟೆ. ದೊಡ್ಡ ಕೆಲಸ ಮಾಡಿದವನಂತೆ ಊಟಕ್ಕೆ ಕೂತೆ.

ತುತ್ತು ಬಾಯಿಗಿಟ್ಟಾಗ ನೆನಪಾಯಿತು. ಲಾರಿ ಕಳಿಸುವ ಗಡಿಬಿಡಿಯಲ್ಲಿ ಗೂಟ ಕೀಳಲೇ ಇಲ್ಲ. ದೂರಕ್ಕೂ ಕಾಣಲಿ ಎಂದು ಅದಕ್ಕೆ ಕೆಂಪು ಬಟ್ಟೆ ಕಟ್ಟಿದವನೂ ನಾನೇ.

ಬೆಳಕು ಹರಿಯುವ ಮೊದಲೇ ಹೋಗಬೇಕು. ಅಕ್ಕ ಗೇಟು ತೆಗೆದರೆ ಮೊದಲು ಮಕ್ಕಳ ಮಾತು, ಆಮೇಲೆ ಗೂಟ. ತೆಗೆಯದಿದ್ದರೆ ಪಕ್ಕದ ಮನೆಗೆ ಹೋಗಿ, ಆ ಗುಂಡಿಯ ಮುಚ್ಚಳದ ಮೇಲೆಯೇ ನಿಂತು, ಗೋಡೆಯಾಚೆಯಿಂದ ಅಕ್ಕನನ್ನು ಕೂಗಿ ಅದೇ ಮಕ್ಕಳ ಮಾತು ಹೇಳಬೇಕು.