ಕೆರೂಡಿಯ ಮುಂದಿನ ಸೊನ್ನೆ

ಕೆರೂಡಿ, ಫೆಬ್ರವರಿ ೩೦, ೨೨೧೪

ಬ್ಯಾಂಕ್ ಶಾಖೆಗಳಿಗೆ ಜಾಗ ಗೊತ್ತುಮಾಡುವ ಅಧಿಕಾರಿಗಳಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ಕೆಲವು ಪದಗಳೂ ವಿಚಿತ್ರ ಅನಿಸಬಹುದು, ಮನ್ನಿಸಿ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರ. ಎಲ್ಲರೂ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಬ್ಯಾಂಕಿಗೆ ಬರೆಯುತ್ತೇನೆ ಎಂದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ.

ನಮ್ಮಲ್ಲಿ ಹಣದ ವ್ಯವಹಾರವೆಲ್ಲ ದನಿಯಲ್ಲೇ ನಡೆಯುತ್ತದೆ. ಮನೆಯ ಗೋಡೆಗೆ ನಮ್ಮ ಹೆಸರು ಹೇಳಿದರೆ ಸಾಕು, ಹಾಲಿನವಳಿಗೆ ಹಣ ಹೋಗುತ್ತದೆ. ದನಿ ಹೊಂದದವರು ಮುಖಗಟ್ಟೆಗೆ ಹೋಗಬೇಕು. ನೀವು ಶಾಖೆ ಎನ್ನುತ್ತೀರಲ್ಲ, ಅದರಲ್ಲಿ ಉಳಿದಿರುವುದು ಇಷ್ಟೇ: ಒಬ್ಬ ಮನುಷ್ಯ ಕೂತು ಎದುರಿಗೆ ಬಂದವರ ಗುರುತು ಹಿಡಿಯುವ ಜಾಗ. ಕೆರೂಡಿಯಲ್ಲಿ ನೆರಳುಬಟ್ಟೆ, ಅಂದರೆ ಬಿಸಿಲು ತಡೆಯಲು ಬೀದಿಗಳ ಮೇಲೆ ಕಟ್ಟುವ ಬಟ್ಟೆ, ನೇಯುವ ಮನೆಗಳು ಸಾಲುಸಾಲಾಗಿವೆ. ಬೆಳಿಗ್ಗೆಯಿಂದ ಮಗ್ಗದ ಸದ್ದು, ಮಧ್ಯಾಹ್ನ ರೊಟ್ಟಿ ಬಡಿಯುವ ಸದ್ದು. ದುಡಿಮೆಗೇನೂ ಕೊರತೆಯಿಲ್ಲ, ಮುಖಗಟ್ಟೆ ಮಾತ್ರ ಇಲ್ಲ.

ನನ್ನನ್ನು ಸಾಕಿದ ಚಿಗವ್ವ ಸಾವಂತ್ರೆವ್ವನಿಗೆ ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ನಿಂತುಹೋಯಿತು. ಗೋಡೆ "ಹೆಸರ ಹೇಳ್ರಿ ಯವ್ವಾ" ಎಂದು ಮರ್ಯಾದೆಯಿಂದ ಕೇಳುತ್ತಲೇ ಇರುತ್ತದೆ, ಇವಳು ತುಟಿ ಆಡಿಸುತ್ತಲೇ ಇರುತ್ತಾಳೆ. ಪಕ್ಕದ ಮನೆಯ ಮಾಬೂಬಿ ಒಂದು ದಿನ ತಡೆಯಲಾರದೆ ಗೋಡೆಗೇ ಬೈದಳು: "ದನಿ ಹೋದ್ರ ಆಕಿ ದುಡದ ರೊಕ್ಕಾನೂ ಹೋತೇನು?" ನಾನು ಕೊಟ್ಟರೆ ಚಿಗವ್ವ ಮುಟ್ಟುವುದಿಲ್ಲ, ಅವಳಿಗೆ ಅವಳದೇ ಹಣ ಬೇಕು. ಪ್ರತಿ ತಿಂಗಳು ಸುಡುಬಿಸಿಲಲ್ಲಿ ಮಾಳಾಪುರದ ಮುಖಗಟ್ಟೆಗೆ ಹೋಗುತ್ತಾಳೆ. ಹೋದ ಸಲ ದಾರಿಯಲ್ಲೇ ಎಚ್ಚರ ತಪ್ಪಿ ಬಿದ್ದಳು. ನನಗೆ ಭಯವಾಗಿದೆ.

ಮುಖಗಟ್ಟೆಗಳಿಗೆ ಜಾಗ ಗೊತ್ತುಮಾಡುವ ಕಚೇರಿಯಲ್ಲೇ ನನ್ನ ಕೆಲಸ. ಕೆರೂಡಿಯ ಹೆಸರೆತ್ತಿದಾಗಲೆಲ್ಲ ಅಲ್ಲಿ ಊರು ಆರಿಸುವ ಯಂತ್ರ ನಿಮ್ಮ ಪಟ್ಟಿಯನ್ನೇ ತೋರಿಸುತ್ತದೆ, ಇಂದಿಗೂ ಅದರ ಲೆಕ್ಕಕ್ಕೆ ಅದೇ ಆಧಾರ. ಜನಗಣತಿಯನ್ನೂ ಬ್ಯಾಂಕುಗಳ ಠೇವಣಿಯ ಅಂಕಿಗಳನ್ನೂ ಜೋಡಿಸಿ ಈ ವಾರ ನೀವು ಮಾಡುತ್ತಿರುವ ಪಟ್ಟಿ ಅದು. ಜನಸಂಖ್ಯೆ ಸರಿಯಾಗಿದೆ. ಠೇವಣಿ ಸೊನ್ನೆ. ಠೇವಣಿಯನ್ನು ಶಾಖೆ ಇರುವ ಊರಿನ ಲೆಕ್ಕಕ್ಕೆ ಬರೆಯುತ್ತಾರೆಯೇ ಹೊರತು ಹಣ ಇಟ್ಟವರ ಊರಿಗಲ್ಲ. ನಿಮ್ಮ ಕಾಲದ ಕೆರೂಡಿಯವರು ಸಂತೆಯ ದಿನ ಟಂಟಂ ಹತ್ತಿ ಮಾಳಾಪುರದಲ್ಲಿ ಹಣ ಕಟ್ಟಿ ಬರುತ್ತಾರೆ, ವಿಚಾರಿಸಿ ನೋಡಿ. ಶಾಖೆ ಇಲ್ಲವೆಂದು ಸೊನ್ನೆ, ಸೊನ್ನೆಯೆಂದು ಶಾಖೆ ಇಲ್ಲ. ಅಂದಿನಿಂದ ಇಂದಿನವರೆಗೆ ಇದೇ ನಡೆದಿದೆ.

ನಾವು ಅದನ್ನು ತಿದ್ದುವಂತಿಲ್ಲ. ನೂರು ವರ್ಷ ದಾಟಿದ ಅಂಕಿಗೆ ನಾವು ಹಿರಿಯಂಕಿ ಎನ್ನುತ್ತೇವೆ, ಅದಕ್ಕೆ ಯಾರೂ ಕೈ ಹಚ್ಚಬಾರದೆಂದು ಕಾನೂನಿದೆ. ಹಿಂದೆ ಕೆಲವರು ಹಳೆಯ ಅಂಕಿಗಳನ್ನು ತಮಗೆ ಬೇಕಾದಂತೆ ತಿದ್ದಿಕೊಂಡಿದ್ದರಂತೆ. ಕಾನೂನು ಒಳ್ಳೆಯದೇ, ನಮಗೆ ಮಾತ್ರ ಕುತ್ತಿಗೆಗೆ ಬಂದಿದೆ.

ನೀವು ಕೆರೂಡಿಯಲ್ಲಿ ಶಾಖೆ ತೆರೆಯಬೇಕೆಂದು ನಾನು ಕೇಳುತ್ತಿಲ್ಲ. ಇಲ್ಲದ ಅಂಕಿ ಬರೆಯಿರಿ ಎಂದೂ ಹೇಳುವುದಿಲ್ಲ. ಆ ಕಾಲಂನಲ್ಲಿ ಸೊನ್ನೆಯ ಬದಲು "ಗೊತ್ತಿಲ್ಲ" ಎಂದು ಬರೆಯಿರಿ. ಸೊನ್ನೆ ಕಂಡರೆ ಯಂತ್ರ ಮುಂದಿನ ಊರಿಗೆ ಹೋಗಿಬಿಡುತ್ತದೆ. ಗೊತ್ತಿಲ್ಲ ಎಂದಿದ್ದರೆ ಒಬ್ಬ ಮನುಷ್ಯನನ್ನು ಕಳಿಸಿ ವಿಚಾರಿಸಲೇಬೇಕು, ಅದೂ ಕಾನೂನೇ.

ಬಂದವರು ಹೆಚ್ಚು ಹುಡುಕಬೇಕಾಗಿಲ್ಲ. ಚಿಗವ್ವ ಬಾಗಿಲಲ್ಲೇ ಕೂತಿರುತ್ತಾಳೆ. ಏನು ಕೇಳಿದರೂ ಉತ್ತರ ಬರುವುದಿಲ್ಲ, ಒಂದು ಸಲ ಅವಳ ಮುಖ ನೋಡಲಿ.

ಇಂತಿ,
ರುದ್ರಾಂಬಿಕಾ ಹೂಗಾರ