ಉಸುಕಿನ ನಾಡಿನ ಲಾವಕ್ಕಿ

ನಮ್ಮ ಪೂನಮ್‌ನ ಅವ್ವಗ,

ಜೈಸಲ್ಮೇರದಾಗ ನಾ ಆರಾಮ ಅದೇನಿ. ಬಿಸಲಿಗೆ ತುಟಿ ಒಡದಾವು, ಅಷ್ಟ.

ನಮ್ಮೂರ ಬೆಳಗಲಿ ಹೊಲದಾಗಿನ ಲಾವಕ್ಕಿ ಇಲ್ಲೂ ಐತಿ! ಸೋಲಾರ್ ಕಂಬಕ್ಕ ತೆಗ್ಗು ತೋಡಾಕ ಜೆಸಿಬಿ ಒಯ್ದ್ರ, ಹುಲ್ಲಿನ ಬುಡಕ ಒಂದು ಕಾವಿಗೆ ಕುಂತಿತ್ತು. ಮೈಯೆಲ್ಲಾ ಉಸುಕಿನ ಬಣ್ಣ. ಕಣ್ಣ ಮಿಟುಕಿಸದಿದ್ರ ಕಾಣತಿದ್ದಿಲ್ಲ.

"ನಾಕ ದಿನಾ ಆಚೀಕಡೆ ತೋಡೋಣ್ರಿ. ನಮ್ಮ ಮನ್ಯಾಗೂ ಕೂಸು ಐತ್ರಿ" ಅಂತ ಸಾಹೇಬ್ರಿಗೆ ಕೈಮುಗದೆ. ನಕ್ಕು ಹೂಂ ಅಂದ್ರು.

ಇವತ್ತ ಮುಂಜಾನಿ ಆರು ಮರಿ ತತ್ತಿ ಒಡಕೊಂಡು ಬಂದು, ಮೈ ಒಣಗಿದ್ದ ತಡಾ, ಅವ್ವನ ಬೆನ್ನಹಿಂದ ಓಡೇ ಬಿಟ್ಟುವು. ನೋಡಿ ಖುಷಿ ಆತು, ಆಮ್ಯಾಲ ನಮ್ಮ ಪೂನಮ್‌ನ ನೆನಪಾತು.

ದೀಪಾವಳಿಗೆ ಬರ್ತೇನಿ. ಅಲ್ಲೀತನಕ ಅಂಬೆಗಾಲ ಸಾಕು, ಅಪ್ಪ ಬರೂ ಮುಂಚೆ ನಡಿಬ್ಯಾಡ ಅಂತ ಪೂನಮ್‌ಗ ಹೇಳು.

ನಿನ್ನ ಶಶಿಕಾಂತ